ಪ್ರವೇಶಪತ್ರಕ್ಕಿಂತ ಮೊದಲು ಉತಾರ: ವಿದೇಶದ ಓದಿಗೆ ದುಡ್ಡು ಹೊಂದಿಸುವ ದಾರಿ

2022ರ ಜೂನ್. ನನ್ನ ತಂಗಿಗೆ ಜರ್ಮನಿಯ ಒಂದು ವಿಶ್ವವಿದ್ಯಾಲಯದಿಂದ ಪ್ರವೇಶಪತ್ರ ಬಂತು. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ್ದಳು. ಗದಗದ ಮನೆಯಲ್ಲಿ ಅವ್ವ ಹೋಳಿಗೆ ಮಾಡಿದಳು. ಮರುದಿನ ಬೆಳಿಗ್ಗೆ ಅಪ್ಪ, ನಾನು ಬ್ಯಾಂಕಿಗೆ ಹೋದೆವು. ಮುಳಗುಂದದ ಕಡೆ ನಮ್ಮದು ಹನ್ನೆರಡು ಎಕರೆ ಎರೆಹೊಲ ಇದೆ. ಅದರ ಮೇಲೆ ಸಾಲ ಸಿಗುತ್ತದೆ ಎಂದು ಅಪ್ಪ ಗಟ್ಟಿಯಾಗಿ ನಂಬಿದ್ದರು. ಸಾಲದ ವಿಭಾಗದವರು ಹೊಲದ ಉತಾರವನ್ನು (ಪಹಣಿ) ಒಂದು ಸಲ ನೋಡಿ, ಮಡಚಿ ವಾಪಸ್ ಕೊಟ್ಟರು.

"ಹೊಲ ಬ್ಯಾಡ್ರಿ ಕಾಕಾ. ಮನಿ, ಪ್ಲಾಟು ಏನರ ಐತೇನು? ಯಾರ ಹೆಸರಿನ್ಯಾಗ ಐತಿ?"

ಬೆಟಗೇರಿಯಲ್ಲಿ ಒಂದು ಪ್ಲಾಟ್ ಇತ್ತು. ಅದು ಅಜ್ಜನ ಹೆಸರಿನಲ್ಲಿತ್ತು. ಅಜ್ಜ ತೀರಿಕೊಂಡು ಹನ್ನೊಂದು ವರ್ಷ ಆಗಿತ್ತು. ವಾರಸಾ, ಅಂದರೆ ವಾರಸುದಾರರ ಹೆಸರಿಗೆ ಬದಲಾವಣೆ, ಮಾಡಿಸಿರಲಿಲ್ಲ. ಅದೆಲ್ಲ ಸರಿ ಮಾಡಿಸುವಷ್ಟರಲ್ಲಿ ಅಕ್ಟೋಬರ್ ಬಂತು, ಕ್ಲಾಸು ಶುರುವಾಯಿತು, ತಂಗಿಯ ಸೀಟು ಹೋಯಿತು. ಮರುವರ್ಷ ಮತ್ತೆ ಅರ್ಜಿ ಹಾಕಿ 2023ರ ಅಕ್ಟೋಬರಿಗೆ ಹೋದಳು. ಒಂದು ವರ್ಷ ಅವಳು ಮನೆಯಲ್ಲಿ ಸುಮ್ನೆ ಕೂತದ್ದು ನನಗೆ ಈಗಲೂ ಕಸಿವಿಸಿ.

ನಾನು ಹುಬ್ಬಳ್ಳಿಯ ದುರ್ಗದ ಬೈಲ್ ಹತ್ತಿರ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಅವಳು ಹೋದ ಮೇಲೆ ನಮ್ಮ ಓಣಿಯವರು, ಅಂಗಡಿಗೆ ಬರುವವರು, ಹಾವೇರಿಯ ಸಂಬಂಧಿಕರು ಇದೇ ವಿಷಯ ಕೇಳುತ್ತ ಬಂದಿದ್ದಾರೆ. ಎಲ್ಲರಿಗೂ ಮೊದಲು ಹೇಳುವುದು ಒಂದೇ ಮಾತು. ಪ್ರವೇಶಪತ್ರ ಎರಡು ಮೂರು ತಿಂಗಳಲ್ಲಿ ಬರುತ್ತದೆ. ಮನೆಯ ಕಾಗದಪತ್ರ ಸರಿಯಾಗಲು ಒಂದು ವರ್ಷ ಬೇಕಾಗಬಹುದು. ಹಾಗಾಗಿ ಕಾಗದದಿಂದ ಶುರು ಮಾಡಿ. ಮಗ ಅಥವಾ ಮಗಳು ಡಿಗ್ರಿಯ ಕೊನೆಯ ವರ್ಷಕ್ಕೆ ಕಾಲಿಡುವಾಗಲೇ ಈ ಕೆಲಸ ಹಚ್ಚಿಕೊಂಡರೆ ಒಳ್ಳೆಯದು.

ಮೊದಲ ಹೆಜ್ಜೆ: ಒಂದು ಹಾಳೆಯಲ್ಲಿ ಪೂರ್ತಿ ಲೆಕ್ಕ

ಹೆಚ್ಚಿನವರು ಫೀ ಎಷ್ಟು ಅಂತ ಮಾತ್ರ ಕೇಳುತ್ತಾರೆ. ಫೀಯಷ್ಟೇ ದೊಡ್ಡದು ಅಲ್ಲಿ ಬದುಕುವ ಖರ್ಚು. ಅದನ್ನು ವೀಸಾ ಕೊಡುವ ಮೊದಲೇ ತೋರಿಸಿ ಅಂತ ಪ್ರತಿ ದೇಶವೂ ಕೇಳುತ್ತದೆ.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕ ಇಲ್ಲ. ಸೆಮಿಸ್ಟರಿಗೆ ಒಂದಿಷ್ಟು ನೂರು ಯೂರೊ ಕಟ್ಟಿದರೆ ಆಯಿತು. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಶುಲ್ಕ ಇದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರಿನಿಂದ ಶುಲ್ಕ ಶುರು ಮಾಡಿದೆ. ಅಲ್ಲಿ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000 ಅಥವಾ 6,000 ಯೂರೊ. ಇನ್ನೊಂದು ಮಾತು. "ಜರ್ಮನಿ" ಅಂದ ಕೂಡಲೇ ಫ್ರೀ ಅಂತ ತಿಳಿಯಬೇಡಿ. ಏಜೆಂಟರು ಬೇಗ ಸೀಟು ಕೊಡಿಸುವುದು ಅಲ್ಲಿನ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ. ಅಲ್ಲಿ ಫೀ ಲಕ್ಷಗಟ್ಟಲೆ. ಹೆಸರು ಬರೆದುಕೊಂಡು, ಅದು ಸರ್ಕಾರಿಯೋ ಖಾಸಗಿಯೋ ಎಂದು ನೀವೇ ಹುಡುಕಿ ನೋಡಿ.

ಫೀ ಇಲ್ಲದಿದ್ದರೂ ಜರ್ಮನಿಗೆ ಬ್ಲಾಕ್ಡ್ ಅಕೌಂಟ್ ಬೇಕು. ಒಂದು ವರ್ಷದ ಖರ್ಚಿಗೆ 11,904 ಯೂರೊ ಅದರಲ್ಲಿ ಹಾಕಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೊದಂತೆ ನಿಮಗೇ ವಾಪಸ್ ಸಿಗುತ್ತದೆ. ಲೆಕ್ಕಕ್ಕೆ ಒಂದು ಯೂರೊಗೆ 100 ರೂಪಾಯಿ ಹಿಡಿದರೆ ಹತ್ತಿರ ಹತ್ತಿರ 12 ಲಕ್ಷ, ಒಂದೇ ಸಲಕ್ಕೆ. ತಂಗಿ ಹೋದಾಗ ಇದು 11,208 ಇತ್ತು. ಈ ಮೊತ್ತ ಏರುತ್ತಲೇ ಹೋಗುತ್ತದೆ, ಅರ್ಜಿ ಹಾಕುವ ತಿಂಗಳಿನಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ. ಇದಲ್ಲದೆ ನಮ್ಮ ದೇಶದ ವಿದ್ಯಾರ್ಥಿಗಳು 2022ರ ನವೆಂಬರಿನಿಂದ ತಮ್ಮ ಅಂಕಪಟ್ಟಿ, ಡಿಗ್ರಿ ಅಸಲಿ ಎಂದು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರ ತರಲೇಬೇಕು. ಅದರ ಶುಲ್ಕ 18,000 ರೂಪಾಯಿ.

ಬ್ರಿಟನ್ನಿನಲ್ಲಿ ಫೀ ಜಾಸ್ತಿ, ಆದರೆ ಮಾಸ್ಟರ್ಸ್ ಒಂದೇ ವರ್ಷ. ಬಾಕಿ ಇರುವ ಮೊದಲ ವರ್ಷದ ಫೀಯ ಜೊತೆಗೆ ಒಂಬತ್ತು ತಿಂಗಳ ಜೀವನ ಖರ್ಚು ತೋರಿಸಬೇಕು. 2025ರ ನವೆಂಬರಿನಿಂದ ಲಂಡನ್ನಿಗೆ ತಿಂಗಳಿಗೆ 1,529 ಪೌಂಡ್, ಬೇರೆ ಊರುಗಳಿಗೆ 1,171 ಪೌಂಡ್. ಅಂದರೆ ಲಂಡನ್ ಹೊರಗೆ ಓದಿದರೂ 10,539 ಪೌಂಡ್. ಆರೋಗ್ಯ ಸೇವೆಗೆ ಅಂತ ವರ್ಷಕ್ಕೆ 776 ಪೌಂಡ್ ಬೇರೆ. ಒಂದು ವರ್ಷದ ಮಾಸ್ಟರ್ಸ್‌ಗೆ ವೀಸಾ ಹದಿನಾರು ತಿಂಗಳಿನದು ಆಗುವುದರಿಂದ ಒಟ್ಟು 1,164 ಪೌಂಡ್ ಮೊದಲೇ ಕಟ್ಟಬೇಕಾಗುತ್ತದೆ. ಹೀಗೆ ಕಣ್ಣಿಗೆ ಬೀಳದ ಖರ್ಚೇ ಲಕ್ಷ ದಾಟುತ್ತದೆ.

ಕೆನಡಾ 2025ರ ಸೆಪ್ಟೆಂಬರಿನಿಂದ ಒಬ್ಬರಿಗೆ ವರ್ಷಕ್ಕೆ 22,895 ಕೆನಡಿಯನ್ ಡಾಲರ್ ತೋರಿಸಿ ಎನ್ನುತ್ತದೆ. ಆಸ್ಟ್ರೇಲಿಯಾ 29,710 ಆಸ್ಟ್ರೇಲಿಯನ್ ಡಾಲರ್. ಎರಡೂ ಫೀ ಬಿಟ್ಟು. ಅಮೆರಿಕದಲ್ಲಿ ಆಯಾ ವಿಶ್ವವಿದ್ಯಾಲಯವೇ ಒಂದು ವರ್ಷದ ಒಟ್ಟು ಖರ್ಚು ಬರೆದು ಕೊಡುತ್ತದೆ. ಅಷ್ಟು ಹಣದ ಪುರಾವೆ ಕೊಟ್ಟರೆ ವೀಸಾಕ್ಕೆ ಬೇಕಾದ ಐ-20 ಪತ್ರ ಸಿಗುತ್ತದೆ.

ಹಾಳೆಯಲ್ಲಿ ಇವನ್ನೂ ಸೇರಿಸಿ: ಇಂಗ್ಲಿಷ್ ಪರೀಕ್ಷೆ (ಐಇಎಲ್‌ಟಿಎಸ್ ಒಂದಕ್ಕೇ 18 ಸಾವಿರದ ಆಸುಪಾಸು), ಅರ್ಜಿ ಶುಲ್ಕ, ಅಂಕಪಟ್ಟಿಯ ಟ್ರಾನ್ಸ್‌ಕ್ರಿಪ್ಟ್, ವೀಸಾ, ವಿಮೆ, ಟಿಕೆಟ್, ಅಲ್ಲಿನ ಮನೆಯ ಡಿಪಾಸಿಟ್, ಮೊದಲ ತಿಂಗಳ ಪಾತ್ರೆ-ಹಾಸಿಗೆ. ಆಮೇಲೆ ಒಟ್ಟಿಗೆ ಶೇಕಡಾ 10 ಸೇರಿಸಿ. ರೂಪಾಯಿ ಬೆಲೆ ಇಳಿದರೆ ಆ ಹತ್ತು ನಿಮ್ಮನ್ನು ಕಾಯುತ್ತದೆ. ಎರಡನೇ ವರ್ಷದ ಫೀ ಕಟ್ಟುವಾಗ ಇದರ ಬೆಲೆ ಗೊತ್ತಾಗುತ್ತದೆ.

ಪಾರ್ಟ್‌ಟೈಮ್ ದುಡಿಮೆಯನ್ನು ಈ ಹಾಳೆಯಲ್ಲಿ ಬರೆಯಲೇಬೇಡಿ. ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ತಿ ದಿನ, ಬ್ರಿಟನ್ನಿನಲ್ಲಿ ಕ್ಲಾಸು ನಡೆಯುವಾಗ ವಾರಕ್ಕೆ 20 ತಾಸು, ಕೆನಡಾದಲ್ಲಿ 24 ತಾಸು ಕೆಲಸಕ್ಕೆ ಅನುಮತಿ ಇದೆ, ನಿಜ. ಆದರೆ ಅನುಮತಿ ಇದ್ದ ಮಾತ್ರಕ್ಕೆ ಕೆಲಸ ಕೈಯಲ್ಲಿ ಇದ್ದಂತಲ್ಲ. ತಂಗಿಗೆ ಮೊದಲ ಕೆಲಸ ಸಿಕ್ಕಿದ್ದು ಐದನೇ ತಿಂಗಳಿಗೆ. ಅದೂ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ.

ಎರಡನೇ ಹೆಜ್ಜೆ: ಮನೆಯ ಕಾಗದ

ನಮ್ಮ ಭಾಗದವರು ಎಡವುವುದು ಇಲ್ಲೇ. ಅದಕ್ಕೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯ ಪ್ರಕಾರ 7.5 ಲಕ್ಷದವರೆಗೆ ಆಸ್ತಿಯ ಅಡವು ಬೇಡ. ಅದರ ಮೇಲೆ ಹೋದರೆ ಬೇಕು. ವಿದೇಶದ ಓದು 7.5 ಲಕ್ಷದಲ್ಲಿ ಮುಗಿಯುವುದು ಅಪರೂಪ. ಹಾಗಾಗಿ ಅಡವಿನ ಪ್ರಶ್ನೆ ಬಂದೇ ಬರುತ್ತದೆ.

ಹೊಲ ಯಾಕೆ ಬೇಡ ಅನ್ನುತ್ತಾರೆ? ಅಪ್ಪ ಅವತ್ತು ಇದೇ ಪ್ರಶ್ನೆಯನ್ನು ದಾರಿಯುದ್ದಕ್ಕೂ ಕೇಳಿದರು. "ಬೆಳಿ ಸಾಲಕ್ಕ ಇದ ಹೊಲ ನಡೀತೈತಿ, ಮಗಳ ಓದಿಗೆ ಯಾಕ ನಡ್ಯಂಗಿಲ್ಲ?" ನನಗೂ ಗೊತ್ತಿರಲಿಲ್ಲ. ಆಮೇಲೆ ತಿಳಿಯಿತು. ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೆಯೇ ಆಸ್ತಿ ಹರಾಜು ಹಾಕುವ ಅಧಿಕಾರವನ್ನು 2002ರ ಸರ್ಫೇಸಿ ಕಾಯ್ದೆ ಬ್ಯಾಂಕುಗಳಿಗೆ ಕೊಟ್ಟಿದೆ. ಆ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಹಾಗಾಗಿ ದೊಡ್ಡ ಶಿಕ್ಷಣ ಸಾಲಕ್ಕೆ ಹೊಲವನ್ನು ಬ್ಯಾಂಕು ಒಪ್ಪುವುದಿಲ್ಲ. ನಿಮ್ಮ ಹೊಲಕ್ಕೆ ಬೆಲೆ ಇಲ್ಲ ಅಂತ ಅರ್ಥವಲ್ಲ. ಒಂದು ಲೆಕ್ಕಕ್ಕೆ ಕಾನೂನು ಆ ಹೊಲವನ್ನು ಕಾಯುತ್ತಿದೆ.

ಹಾಗಾದರೆ ಯಾವುದು ನಡೆಯುತ್ತದೆ? ಊರೊಳಗಿನ ಮನೆ, ಎನ್‌ಎ (ಕೃಷಿಯೇತರ) ಆದ ಪ್ಲಾಟು, ಅಂಗಡಿ, ಬ್ಯಾಂಕಿನ ಠೇವಣಿ, ಎಲ್‌ಐಸಿ ಪಾಲಿಸಿಯ ಸರೆಂಡರ್ ಮೌಲ್ಯ. ಹುಬ್ಬಳ್ಳಿ-ಧಾರವಾಡ, ಗದಗ-ಬೆಟಗೇರಿ, ಹಾವೇರಿ ಪಟ್ಟಣದೊಳಗಿನ ಆಸ್ತಿಯಾದರೆ ಸಿಟಿ ಸರ್ವೆ ಉತಾರ, ಇ-ಆಸ್ತಿಯ ನಮೂನೆ-3, ತೆರಿಗೆ ರಸೀದಿ ತೆಗೆದಿಡಿ. ಹಳ್ಳಿಯ ಮನೆಯಾದರೆ ಪಂಚಾಯಿತಿಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಬೇಕು. 11ಬಿ ಇದ್ದರೆ ಹೆಚ್ಚಿನ ಬ್ಯಾಂಕುಗಳು ಹಿಂದೆ ಸರಿಯುತ್ತವೆ. ಇದನ್ನು ಇವತ್ತೇ ತೆಗೆದು ನೋಡಿ. ಹಳ್ಳಿಯಲ್ಲಿ ದೊಡ್ಡ ಮನೆ ಇದ್ದೂ ಈ ಒಂದು ಅಕ್ಷರದಿಂದ ಸಾಲ ನಿಂತದ್ದನ್ನು ನಾನು ಕಂಡಿದ್ದೇನೆ.

ಬ್ಯಾಂಕಿನ ವಕೀಲರು ಆಸ್ತಿಯ ಹಿಂದಿನ ಮೂವತ್ತು ವರ್ಷದ ಕಾಗದ ಕೇಳಬಹುದು. ಮೂಲ ಖರೀದಿ ಪತ್ರ, ನಡುವೆ ಕೈ ಬದಲಾದ ಪತ್ರಗಳು, ಋಣಭಾರ ಪತ್ರ. ಋಣಭಾರ ಪತ್ರ ಕಾವೇರಿ ಪೋರ್ಟಲಿನಲ್ಲಿ ಸಿಗುತ್ತದೆ. ಆದರೆ ಹಳೆಯ ವರ್ಷಗಳದ್ದಕ್ಕೆ ಉಪನೋಂದಣಿ ಕಚೇರಿಗೆ ಅಲೆಯಬೇಕಾಗಬಹುದು.

ಆಸ್ತಿ ತೀರಿಕೊಂಡವರ ಹೆಸರಿನಲ್ಲಿದ್ದರೆ ಮೊದಲು ವಂಶಾವಳಿ ಮಾಡಿಸಿ, ವಾರಸಾ ಹಾಕಿ. ವಾರಸುದಾರರು ಎಂದರೆ ಗಂಡುಮಕ್ಕಳು ಮಾತ್ರ ಅಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಹೌದು. ನಮ್ಮ ಅಜ್ಜನಿಗೆ ಮೂರು ಹೆಣ್ಣು, ಎರಡು ಗಂಡು. ಅಪ್ಪನಿಗೆ ಅಕ್ಕತಂಗಿಯರನ್ನು ಸಹಿ ಕೇಳಲು ಸಂಕೋಚ. ತಿಂಗಳುಗಟ್ಟಲೆ ಇವತ್ತು ನಾಳೆ ಅಂದರು. ಕೊನೆಗೆ ನಾನೇ ಹಾನಗಲ್ಲಿಗೆ ಹೋಗಿ ದೊಡ್ಡ ಅತ್ತೆಯ ಮುಂದೆ ಕೂತೆ. ವಿಷಯ ಪೂರ್ತಿ ಬಿಚ್ಚಿ ಹೇಳಿದೆ. ಆಸ್ತಿ ಬ್ಯಾಂಕಿಗೆ ಅಡವು ಹೋಗುತ್ತದೆ, ಸಾಲ ತೀರದಿದ್ದರೆ ಹೋಗಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಅತ್ತೆ ಅಂದದ್ದು ಇಷ್ಟೇ: "ಹುಡುಗಿ ಓದಾಕ ಹೊಂಟಾಳಂದ್ರ ಸಹಿ ಮಾಡದ ಇರ್ತೇನೇನೋ? ನಿಮ್ಮಪ್ಪಗ ಒಂದ್ ಮಾತು ಕೇಳಾಕ ಆಗ್ಲಿಲ್ಲೇನು?" ಮುಂದಿನ ಸೋಮವಾರ ಮೂವರೂ ಗದಗಿಗೆ ಬಂದು ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಮಾಡಿದರು. ಅವರ ಪಾಲಿಗೆ ಏನು ಕೊಡಬೇಕು ಎಂಬುದನ್ನೂ ಅವತ್ತೇ ಮಾತಾಡಿ ಬರೆದಿಟ್ಟೆವು. ಇದನ್ನು ಬಿಡಬೇಡಿ. ಸಹಿ ತೆಗೆದುಕೊಂಡು ಮರೆತುಬಿಟ್ಟರೆ ತವರಿನ ಬಾಗಿಲು ಮುಚ್ಚಿದಂತೆ.

ಇನ್ನು ಸಿಬಿಲ್, ಅಂದರೆ ಹಿಂದಿನ ಸಾಲಗಳನ್ನು ಹೇಗೆ ಕಟ್ಟಿದ್ದೀರಿ ಎಂಬುದರ ವರದಿ. ಸಾಲಕ್ಕೆ ಅಪ್ಪ ಅಥವಾ ಅವ್ವ ಸಹ-ಸಾಲಗಾರರು. ಅವರ ಹಳೆಯ ಸಾಲಗಳೆಲ್ಲ ಬ್ಯಾಂಕಿನ ಕಣ್ಣಿಗೆ ಬೀಳುತ್ತವೆ. ಬೆಳೆಸಾಲ ನವೀಕರಣ ತಪ್ಪಿದ್ದರೆ, ಟ್ರ್ಯಾಕ್ಟರ್ ಕಂತು ತಡವಾಗಿದ್ದರೆ, ಯಾವುದೋ ಸಾಲವನ್ನು ಒಂದೇ ಸಲ ಕಡಿಮೆಗೆ ತೀರುವಳಿ ಮಾಡಿಕೊಂಡಿದ್ದರೆ ಅಲ್ಲಿ ಗುರುತು ಇರುತ್ತದೆ. ಅರ್ಜಿಗೆ ಆರು ತಿಂಗಳು ಮೊದಲೇ ವರದಿ ತೆಗೆಸಿ. ಹಳ್ಳಿಯ ಸೊಸೈಟಿಯ ಸಾಲ ತೀರಿದ್ದರೆ ಬೇಬಾಕಿ ಪ್ರಮಾಣಪತ್ರ ತಂದು, ಉತಾರದ ಮೇಲಿನ ಬೋಜಾ (ಸಾಲದ ನಮೂದು) ತೆಗೆಸಿ. ಅಂದಹಾಗೆ, ಸಹಕಾರಿ ಪತ್ತಿನ ಸಂಘ ನಮ್ಮ ದೇಶದಲ್ಲಿ ಬೇರು ಬಿಟ್ಟದ್ದೇ ಗದಗ ಸೀಮೆಯ ಕಣಗಿನಹಾಳದಲ್ಲಿ, 1905ರಲ್ಲಿ. ಸಿದ್ದನಗೌಡ ಪಾಟೀಲರು ಕಟ್ಟಿದ್ದು. ಹೊತ್ತಿಗೆ ಸಾಲ, ಹೊತ್ತಿಗೆ ಮರುಪಾವತಿ ಎಂಬುದು ಈ ನೆಲಕ್ಕೆ ಹೊಸದಲ್ಲ.

ರೈತರ ಮನೆಗೆ ಆದಾಯದ ಪುರಾವೆ ಇನ್ನೊಂದು ತಲೆನೋವು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಎಷ್ಟೋ ಜನ ರಿಟರ್ನ್ಸ್ ಸಲ್ಲಿಸುವುದೇ ಇಲ್ಲ. ಬ್ಯಾಂಕು ಎರಡು ಮೂರು ವರ್ಷದ ರಿಟರ್ನ್ಸ್ ಕೇಳುತ್ತದೆ. ತೆರಿಗೆ ಬರದಿದ್ದರೂ ಕೃಷಿ ಆದಾಯ ತೋರಿಸಿ ರಿಟರ್ನ್ಸ್ ಸಲ್ಲಿಸಬಹುದು. ಮಗ ಪಿಯುಸಿಯಲ್ಲಿ ಇರುವಾಗಲೇ ಶುರು ಮಾಡಿ. ಅಮರಗೋಳದ ಎಪಿಎಂಸಿಯಲ್ಲೋ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲೋ ಮಾಲು ಹಾಕಿದರೆ ಅಡತಿ ಪಟ್ಟಿ ಜೋಪಾನ ಮಾಡಿ. ಹಣವನ್ನು ಖಾತೆಗೇ ಹಾಕಿಸಿಕೊಳ್ಳಿ. ಕೈಯಲ್ಲಿ ತಂದ ನಗದನ್ನು ಯಾವ ವೀಸಾ ಅಧಿಕಾರಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೂರನೇ ಹೆಜ್ಜೆ: ವಾಪಸ್ ಕೊಡಬೇಕಿಲ್ಲದ ಹಣ

ಸ್ಕಾಲರ್‌ಶಿಪ್ ಹುಡುಕುವುದು ಸಾಲಕ್ಕಿಂತ ಮೊದಲು. ಇವಕ್ಕೆ ಕ್ಲಾಸು ಶುರುವಾಗುವ ಹತ್ತು ಹನ್ನೆರಡು ತಿಂಗಳು ಮೊದಲೇ ಅರ್ಜಿ ಮುಗಿದಿರುತ್ತದೆ. ಪ್ರವೇಶಪತ್ರ ಬಂದ ಮೇಲೆ ನೋಡೋಣ ಅಂದವರಿಗೆ ಇವು ಸಿಗುವುದಿಲ್ಲ.

ಯುರೋಪಿನ ಇರಾಸ್ಮಸ್ ಮುಂಡಸ್ ಸಿಕ್ಕರೆ ಫೀ ಇಲ್ಲ, ಜೊತೆಗೆ ತಿಂಗಳಿಗೆ 1,400 ಯೂರೊ. ಜರ್ಮನಿಯ ಡಾಡ್ ಸಂಸ್ಥೆ ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ ತಿಂಗಳಿಗೆ 992 ಯೂರೊ ಕೊಡುತ್ತದೆ. ಬ್ರಿಟನ್ನಿನ ಚೀವನಿಂಗ್ ಒಂದು ವರ್ಷದ ಮಾಸ್ಟರ್ಸ್‌ನ ಖರ್ಚು ಪೂರ್ತಿ ನೋಡಿಕೊಳ್ಳುತ್ತದೆ, ಆದರೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದಿ ವಾಪಸ್ ಬರಬೇಕು. ಜಪಾನ್ ಸರ್ಕಾರದ ಮೆಕ್ಸ್ಟ್ ಸ್ಕಾಲರ್‌ಶಿಪ್ಪಿನಲ್ಲಿ ಫೀ, ತಿಂಗಳ ಖರ್ಚು, ವಿಮಾನದ ಟಿಕೆಟ್ ಎಲ್ಲ ಬರುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೋ ಕರ್ನಾಟಕ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗದಲ್ಲೋ ಓದುವವರು ಇದನ್ನು ಗಟ್ಟಿಯಾಗಿ ಯೋಚಿಸಬೇಕು.

ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಮಿ ಇಲ್ಲದ ಕೃಷಿ ಕೂಲಿಕಾರರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ವರ್ಷಕ್ಕೆ 125 ಜನಕ್ಕೆ. ಕುಟುಂಬದ ಆದಾಯ 8 ಲಕ್ಷದ ಒಳಗೆ, ವಯಸ್ಸು 35ರ ಒಳಗೆ, ಅಂಕ ಶೇಕಡಾ 60 ಇರಬೇಕು. ಫೀ, ಜೀವನ ಖರ್ಚು, ಟಿಕೆಟ್ ಎಲ್ಲ ಸರ್ಕಾರದ್ದೇ. ಪರಿಶಿಷ್ಟ ಪಂಗಡಕ್ಕೆ ಬುಡಕಟ್ಟು ಸಚಿವಾಲಯದ್ದೇ ಬೇರೆ ಯೋಜನೆ ಇದೆ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಪರಿಶಿಷ್ಟ ಜಾತಿ, ಪಂಗಡ ಎರಡಕ್ಕೂ. ಇಷ್ಟು ದೊಡ್ಡ ನೆರವು ಇದ್ದೂ ನಮ್ಮ ಹಳ್ಳಿಗಳಲ್ಲಿ ಗೊತ್ತಿರುವವರು ಕಡಿಮೆ. ಓದುವ ಹುಡುಗರು ನಿಮ್ಮ ಓಣಿಯಲ್ಲಿದ್ದರೆ ದಯವಿಟ್ಟು ಹೇಳಿ. ಹಿಂದುಳಿದ ವರ್ಗದವರು ದೇವರಾಜ ಅರಸು ನಿಗಮದಲ್ಲಿ, ಅಲ್ಪಸಂಖ್ಯಾತರು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ, ವೀರಶೈವ ಲಿಂಗಾಯತರು ತಮ್ಮ ನಿಗಮದಲ್ಲಿ ವಿದೇಶ ವ್ಯಾಸಂಗದ ನೆರವಿನ ಬಗ್ಗೆ ವಿಚಾರಿಸಬೇಕು. ಜಿಲ್ಲಾ ಕಚೇರಿಗೆ ಖುದ್ದು ಹೋಗಿ, ಈ ವರ್ಷದ ಪ್ರಕಟಣೆಯನ್ನೇ ಕೇಳಿ. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ ಹೊಸದಿರಲಿ.

ಅರ್ಧ ದಾರಿಯ ನೆರವೂ ಇದೆ. 1892ರಿಂದ ನಡೆಯುತ್ತಿರುವ ಜೆ.ಎನ್. ಟಾಟಾ ಎಂಡೋಮೆಂಟ್, 1956ರಿಂದ ಇರುವ ಕೆ.ಸಿ. ಮಹೀಂದ್ರ ಸ್ಕಾಲರ್‌ಶಿಪ್ ಎರಡೂ ಸಾಲದ ರೂಪದ ವಿದ್ಯಾರ್ಥಿವೇತನ. ವಾಪಸ್ ಕೊಡಬೇಕು, ಆದರೆ ಮಹೀಂದ್ರದ್ದಕ್ಕೆ ಬಡ್ಡಿ ಇಲ್ಲ, ಟಾಟಾದ್ದಕ್ಕೆ ಬ್ಯಾಂಕಿಗಿಂತ ತುಂಬಾ ಕಡಿಮೆ. ಬ್ಯಾಂಕ್ ಸಾಲದಲ್ಲಿ ಅಷ್ಟು ಕಡಿಮೆಯಾಯಿತಲ್ಲ, ಅದೇ ದೊಡ್ಡದು.

ನಾಲ್ಕನೇ ಹೆಜ್ಜೆ: ಬ್ಯಾಂಕಿನ ಮುಂದೆ ಕೂರುವುದು

ಒಂದೇ ಬ್ಯಾಂಕಿಗೆ ಹೋಗಬೇಡಿ. ಮೂರು ಕಡೆ ಕೇಳಿ. ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಒಂದೇ ಅರ್ಜಿಯಿಂದ ಮೂರು ಬ್ಯಾಂಕುಗಳನ್ನು ಕೇಳಬಹುದು. ಇಲ್ಲಿ ಒಂದು ಗೊಂದಲ ಬಿಡಿಸುತ್ತೇನೆ. 2024ರಲ್ಲಿ ಬಂದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆ ದೇಶದೊಳಗಿನ ಆಯ್ದ ಸಂಸ್ಥೆಗಳ ಓದಿಗೆ ಮಾತ್ರ. ವಿದೇಶಕ್ಕೆ ಅದು ಸಿಗುವುದಿಲ್ಲ.

ಸರ್ಕಾರಿ ಬ್ಯಾಂಕುಗಳಲ್ಲಿ ಬಡ್ಡಿ ಕಡಿಮೆ, ಕಾಗದ ಜಾಸ್ತಿ. ಖಾಸಗಿ ಹಣಕಾಸು ಕಂಪನಿಗಳು ಅಡವಿಲ್ಲದೆ, ಹತ್ತು ದಿನದಲ್ಲಿ ಕೊಡುತ್ತವೆ. ಬಡ್ಡಿ ಜಾಸ್ತಿ, ಓದುವಾಗಲೇ ತಿಂಗಳಿಗೆ ಇಷ್ಟು ಕಟ್ಟಿ ಎನ್ನುತ್ತವೆ. ಪ್ರಸಿದ್ಧ ವಿಶ್ವವಿದ್ಯಾಲಯವಾದರೆ ಸರ್ಕಾರಿ ಬ್ಯಾಂಕುಗಳೂ ಅಡವಿಲ್ಲದೆ ದೊಡ್ಡ ಮೊತ್ತ ಕೊಡುವ ಪಟ್ಟಿ ಇಟ್ಟಿರುತ್ತವೆ. ನಿಮ್ಮ ವಿಶ್ವವಿದ್ಯಾಲಯ ಆ ಪಟ್ಟಿಯಲ್ಲಿದೆಯೇ ಎಂದು ಬಾಯಿ ಬಿಟ್ಟು ಕೇಳಿ. ಹೆಣ್ಣುಮಕ್ಕಳಿಗೆ ಕೆಲವು ಬ್ಯಾಂಕುಗಳಲ್ಲಿ ಅರ್ಧ ಶೇಕಡಾ ಬಡ್ಡಿ ರಿಯಾಯಿತಿ ಇದೆ. ಅದನ್ನೂ ಕೇಳಿ. ತಂಗಿಯ ಸಾಲಕ್ಕೆ ಅದು ಸಿಕ್ಕಿದ್ದು ಅವಳೇ ಕೇಳಿದ್ದರಿಂದ.

ಪೂರ್ತಿ ಹಣ ಬ್ಯಾಂಕು ಕೊಡುವುದಿಲ್ಲ. ವಿದೇಶದ ಓದಿಗೆ ಸಾಮಾನ್ಯವಾಗಿ ಶೇಕಡಾ 15 ನಿಮ್ಮ ಕೈಯಿಂದ ಹಾಕಬೇಕು. 20 ಲಕ್ಷದ ಖರ್ಚಿಗೆ 3 ಲಕ್ಷ. ಸ್ಕಾಲರ್‌ಶಿಪ್ ಬಂದಿದ್ದರೆ ಅದನ್ನು ಇದರಲ್ಲಿ ತೋರಿಸಬಹುದು. ಸಂಸ್ಕರಣಾ ಶುಲ್ಕ, ವಕೀಲರ ಫೀ, ಆಸ್ತಿ ಮೌಲ್ಯಮಾಪನ, ಅಡಮಾನದ ನೋಂದಣಿ ಖರ್ಚು ಬೇರೆ. ಸಾಲದ ಜೊತೆ ವಿಮೆಯನ್ನೂ ಸೇರಿಸಿದ್ದರೆ ಕಂತು ಎಷ್ಟು ಏರುತ್ತದೆ ಎಂದು ಬರೆಸಿಕೊಳ್ಳಿ.

ಈಗ ಬಡ್ಡಿಯ ಲೆಕ್ಕ. ಇದನ್ನು ಮನೆಯವರೆಲ್ಲ ಕೂತು ಮಾಡಬೇಕು. ಓದು ಮುಗಿದು ಆರು ತಿಂಗಳಿಂದ ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. 20 ಲಕ್ಷ ಸಾಲ, ಶೇಕಡಾ 10 ಬಡ್ಡಿ ಅಂತಿಟ್ಟುಕೊಳ್ಳಿ. ತಿಂಗಳ ಬಡ್ಡಿಯೇ 16,667 ರೂಪಾಯಿ. ಮೂರು ವರ್ಷ ಏನೂ ಕಟ್ಟದೆ ಬಿಟ್ಟರೆ 6 ಲಕ್ಷ ಸೇರಿ ಸಾಲ 26 ಲಕ್ಷ ಆಗುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ 34,360 ರೂಪಾಯಿ ಕಂತು. ಅದೇ ಬಡ್ಡಿಯನ್ನು ಓದುವಾಗಲೇ ಕಟ್ಟುತ್ತ ಬಂದರೆ ಕಂತು 26,430. ಹಣ ಹಂತ ಹಂತವಾಗಿ ಬಿಡುಗಡೆಯಾದರೆ ಬಡ್ಡಿ ಇನ್ನೂ ಕಡಿಮೆ ಬೀಳುತ್ತದೆ, ಹಾಗಾಗಿ ಬೇಕಾದಾಗ ಬೇಕಾದಷ್ಟೇ ತೆಗೆಸಿ. ನಾವು ಪೂರ್ತಿ ಬಡ್ಡಿ ಕಟ್ಟಲಾಗಲಿಲ್ಲ. ಕಡಲೆ ಮಾರಿದಾಗ ಒಮ್ಮೆ, ಶೇಂಗಾ ಮಾರಿದಾಗ ಒಮ್ಮೆ ಸಿಕ್ಕಷ್ಟು ಕಟ್ಟಿದೆವು. ಬದಲಾಗುವ ಬಡ್ಡಿದರದ ಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡ ಇಲ್ಲ.

ಎಷ್ಟು ಸಾಲ ಮಾಡಬಹುದು? ನನ್ನ ಅಳತೆ ಇದು. ಮಗ ಅಲ್ಲಿ ಕೆಲಸ ಸಿಗದೆ ವಾಪಸ್ ಬಂದು, ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೆಲಸಕ್ಕೆ ಸೇರಿದರೂ ಆ ಸಂಬಳದ ಅರ್ಧದಲ್ಲಿ ಕಂತು ಕಟ್ಟಲು ಆಗಬೇಕು. ಆಗುವುದಿಲ್ಲ ಎಂದರೆ ಆ ಕೋರ್ಸು, ಆ ದೇಶ ಬೇಡ. ಕಡಿಮೆ ಖರ್ಚಿನದು ಹುಡುಕಿ, ಇಲ್ಲವೇ ಎರಡು ವರ್ಷ ಕೆಲಸ ಮಾಡಿ ಹೋಗಲಿ. ಹೊಲ ಮಾರಿ ಕಳಿಸುವುದಕ್ಕೆ ನಾನು ಯಾರಿಗೂ ಹೂಂ ಅಂದಿಲ್ಲ.

ಸೌಹಾರ್ದ ಸೊಸೈಟಿಯಿಂದಲೋ ಕೈಸಾಲವಾಗಿಯೋ ದೊಡ್ಡ ಮೊತ್ತ ತರಬೇಡಿ. ಬಡ್ಡಿ ಜಾಸ್ತಿ ಎಂಬುದು ಒಂದು. ಇನ್ನೊಂದು, ಶಿಕ್ಷಣ ಸಾಲದ ಬಡ್ಡಿಗೆ ಸಿಗುವ ಆದಾಯ ತೆರಿಗೆ ರಿಯಾಯಿತಿ ಬ್ಯಾಂಕು ಅಥವಾ ಮಾನ್ಯತೆ ಪಡೆದ ಹಣಕಾಸು ಸಂಸ್ಥೆಯ ಸಾಲಕ್ಕೆ ಮಾತ್ರ ಸಿಗುತ್ತದೆ. ಎಂಟು ವರ್ಷದವರೆಗೆ ಕಟ್ಟಿದ ಬಡ್ಡಿಯಷ್ಟೂ ಆದಾಯದಿಂದ ಕಳೆಯುತ್ತಾರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದರೆ.

ಐದನೇ ಹೆಜ್ಜೆ: ಹಣ ತೋರಿಸುವುದು

ಬ್ರಿಟನ್ ವೀಸಾಕ್ಕೆ ಹಣ ಸತತ 28 ದಿನ ಖಾತೆಯಲ್ಲಿ ಇರಬೇಕು. ಒಂದು ದಿನ ಒಂದು ರೂಪಾಯಿ ಕಡಿಮೆಯಾದರೂ ಎಣಿಕೆ ಮೊದಲಿನಿಂದ. ಆ ಸ್ಟೇಟ್‌ಮೆಂಟು ಅರ್ಜಿಯ ದಿನಕ್ಕೆ 31 ದಿನಕ್ಕಿಂತ ಹಳೆಯದಾಗಿರಬಾರದು. ಖಾತೆ ವಿದ್ಯಾರ್ಥಿಯದು ಅಥವಾ ತಂದೆ-ತಾಯಿಯದು ಇರಬೇಕು. ನಮ್ಮಲ್ಲಿ ಸೋದರಮಾವ ಮುಂದೆ ಬಂದು "ನನ್ನ ಖಾತೆದಾಗ ಐತಿ, ತೋರಸ್ರಿ" ಅನ್ನುವುದು ಪ್ರೀತಿಯ ಮಾತು. ಆದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಮಾವ ಕೊಡುವುದಾದರೆ ಅವ್ವನ ಖಾತೆಗೆ ಮೊದಲೇ ಬರಲಿ, ಕೊಟ್ಟದ್ದಕ್ಕೆ ಒಂದು ಪತ್ರ ಇರಲಿ. ಅಪ್ಪ-ಅವ್ವನ ಖಾತೆ ತೋರಿಸುವಾಗ ಜನನ ಪ್ರಮಾಣಪತ್ರ ಬೇಕು. ಅದರಲ್ಲಿನ ಹೆಸರು, ಪಾಸ್‌ಪೋರ್ಟಿನ ಹೆಸರು, ಬ್ಯಾಂಕಿನ ಹೆಸರು ಒಂದೇ ಆಗಿದೆಯೇ ನೋಡಿ. ಒಂದರಲ್ಲಿ ಅಡ್ಡಹೆಸರು, ಇನ್ನೊಂದರಲ್ಲಿ ಬರೀ ಇನಿಷಿಯಲ್ ಇರುವುದು ನಮ್ಮ ಕಡೆ ಮಾಮೂಲಿ. ಬ್ಯಾಂಕಿನ ಶಿಕ್ಷಣ ಸಾಲ ಮಂಜೂರಾತಿ ಪತ್ರ ಇದ್ದರೆ ಈ 28 ದಿನದ ಕಟ್ಟು ಇಲ್ಲ.

ಕೆಲವರು "ಶೋ ಮನಿ" ಕೊಡುತ್ತೇವೆ ಎನ್ನುತ್ತಾರೆ. ಒಂದು ತಿಂಗಳು ನಿಮ್ಮ ಖಾತೆಯಲ್ಲಿ ಹಣ ಇಟ್ಟು ಕಮಿಷನ್ ತೆಗೆದುಕೊಳ್ಳುತ್ತಾರೆ. ಬೇಡ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಬ್ರಿಟನ್ 10 ವರ್ಷ ಬಾಗಿಲು ಮುಚ್ಚಬಹುದು. ವೀಸಾ ಸಿಕ್ಕರೂ ಆ ಹಣ ನಿಮ್ಮದಲ್ಲ. ಮೂರನೇ ತಿಂಗಳ ಬಾಡಿಗೆಗೆ ಹುಡುಗ ಏನು ಮಾಡಬೇಕು?

ಆರನೇ ಹೆಜ್ಜೆ: ಹಣ ಕಳಿಸುವುದು

ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಅಮೆರಿಕನ್ ಡಾಲರ್‌ವರೆಗೆ ಹೊರಗೆ ಕಳಿಸಬಹುದು, ಆ ಮಿತಿ ನಮಗೆ ತಾಗುವುದಿಲ್ಲ. ತಾಗುವುದು ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ಹಿಡಿದುಕೊಳ್ಳುವ ತೆರಿಗೆ. 2025ರ ಏಪ್ರಿಲ್‌ನಿಂದ ಬ್ಯಾಂಕ್ ಶಿಕ್ಷಣ ಸಾಲದಿಂದ ಕಳಿಸುವ ಹಣಕ್ಕೆ ಅದು ಇಲ್ಲ. ಸ್ವಂತ ಹಣವಾದರೆ ವರ್ಷಕ್ಕೆ 10 ಲಕ್ಷ ದಾಟಿದ ಭಾಗಕ್ಕೆ ಮಾತ್ರ ಕಡಿತ. ಈ ಮಿತಿ ಒಬ್ಬೊಬ್ಬರ ಪ್ಯಾನ್ ಲೆಕ್ಕದಲ್ಲಿ. ಅಪ್ಪ ಸ್ವಲ್ಪ, ಅವ್ವ ಸ್ವಲ್ಪ ತಮ್ಮ ತಮ್ಮ ಖಾತೆಯಿಂದ ಕಳಿಸಿದರೆ, ಅಥವಾ ಒಂದು ಭಾಗ ಮಾರ್ಚಿನಲ್ಲಿ, ಇನ್ನೊಂದು ಏಪ್ರಿಲಿನಲ್ಲಿ ಕಳಿಸಿದರೆ ಕಡಿತವೇ ಬರದಿರಬಹುದು. ಕಡಿತವಾದರೂ ಅದು ಹೋದ ಹಣವಲ್ಲ, ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೆಯಬಹುದು.

ಬ್ಯಾಂಕು ಹಾಕುವ ವಿನಿಮಯ ದರವನ್ನು ಅವತ್ತಿನ ಮಾರುಕಟ್ಟೆ ದರದ ಪಕ್ಕ ಇಟ್ಟು ನೋಡಿ. 12,000 ಯೂರೊ ಕಳಿಸುವಾಗ ಯೂರೊಗೆ ಒಂದು ರೂಪಾಯಿ ವ್ಯತ್ಯಾಸ ಎಂದರೆ 12,000 ರೂಪಾಯಿ. ಸ್ವಲ್ಪ ಕಡಿಮೆ ಮಾಡಿ ಎಂದು ಮ್ಯಾನೇಜರನ್ನು ಕೇಳಿದರೆ ಎಷ್ಟೋ ಸಲ ಮಾಡುತ್ತಾರೆ.

ಹೊರಡುವ ವಾರ

ಮುಂದಿನ ಸೆಮಿಸ್ಟರಿನ ಹಣ ಬಿಡುಗಡೆಗೆ ಸಾಲಗಾರರ ಸಹಿ ಬೇಕಾಗುತ್ತದೆ. ವಿದ್ಯಾರ್ಥಿ ಅಲ್ಲಿ, ಬ್ಯಾಂಕು ಇಲ್ಲಿ. ಹೊರಡುವ ಮೊದಲೇ ಅಪ್ಪನ ಅಥವಾ ಅಣ್ಣನ ಹೆಸರಿಗೆ ಮುಖತ್ಯಾರ ಪತ್ರ ಮಾಡಿಸಿ, ಒಂದು ಪ್ರತಿ ಬ್ಯಾಂಕಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮೂಲ ಆಸ್ತಿಪತ್ರ ಬ್ಯಾಂಕಿಗೆ ಕೊಟ್ಟಾಗ ಪ್ರತಿಯೊಂದು ಕಾಗದದ ಹೆಸರು ಬರೆದ ಪಟ್ಟಿಗೆ ಬ್ಯಾಂಕಿನ ಸಹಿ, ಸಿಕ್ಕಾ ಇರಲಿ. ಸಾಲ ತೀರಿದ ದಿನ ಅದನ್ನು ಹಿಡಿದೇ ಕಾಗದ ವಾಪಸ್ ಕೇಳುವುದು.

ಜರ್ಮನಿಗೆ ಹೋಗುವವರು ಬ್ಲಾಕ್ಡ್ ಅಕೌಂಟಿನ ಹಣ ಇಳಿದ ದಿನವೇ ಕೈಗೆ ಬರುತ್ತದೆ ಎಂದುಕೊಳ್ಳಬಾರದು. ಅಲ್ಲಿ ವಿಳಾಸ ನೋಂದಣಿ, ಬ್ಯಾಂಕ್ ಖಾತೆ ಆಗುವವರೆಗೆ ವಾರಗಳು ಹಿಡಿಯುತ್ತವೆ. ಒಂದೂವರೆ ತಿಂಗಳ ಖರ್ಚು, ಮನೆಯ ಡಿಪಾಸಿಟ್ ಬೇರೆಯಾಗಿ ಒಯ್ಯಲಿ.

ಆಮೇಲೆ ಸಿಮ್ ಕಾರ್ಡು. ಬ್ಯಾಂಕಿನ ಒಟಿಪಿ ಬರುವ ನಂಬರನ್ನು ಚಾಲೂ ಇಡಬೇಕು. ತಂಗಿಯ ಆ ಸಿಮ್ಮನ್ನು ಹಳೆಯ ಫೋನಿಗೆ ಹಾಕಿ ದೇವರ ಕೋಣೆಯ ಗೂಡಿನಲ್ಲಿ ಇಟ್ಟಿದ್ದೇವೆ. ಗಂಟೆ ಬಾರಿಸಿದಂತೆ ಅದು ಸದ್ದು ಮಾಡಿದರೆ ಅವ್ವ ಓಡಿ ಹೋಗಿ, ಕನ್ನಡಕ ಹಾಕಿಕೊಂಡು, ಆರು ಅಂಕಿಯನ್ನು ಒಂದೊಂದಾಗಿ ವಾಟ್ಸ್ಆಪ್ ಕರೆಯಲ್ಲಿ ಮಗಳಿಗೆ ಓದಿ ಹೇಳುತ್ತಾಳೆ. ಮಗಳ ಹೊರತು ಬೇರೆ ಯಾರು ಕೇಳಿದರೂ ಹೇಳಬಾರದು ಅಂತ ಅದೇ ಗೂಡಿನ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ.